ಬರ್ಮಾದ ಬೆಳ್ಳಿ

ಹೋದ ತಿಂಗಳು ಅವ್ವನನ್ನು ಮಣ್ಣು ಮಾಡಿದೆವು. ನಮ್ಮ ಹೊಲದ ಮೂಲೆಯಲ್ಲಿ, ಅಪ್ಪನ ಸಮಾಧಿಯ ಮಗ್ಗುಲಿಗೇ ಗುಂಡಿ ತೋಡಿದರು. ಎರಡು ದಿನ ಮಳೆಯಾಗಿದ್ದರಿಂದ ಎರೆಮಣ್ಣು ಹದವಾಗಿತ್ತು. ಅದನ್ನು ತೋಡುತ್ತ ಹೋದ ಹಾಗೆ ವಾಸನೆ ಬದಲಾಗುತ್ತದೆ. ಮೇಲೆ ಬೇರಿನ ವಾಸನೆ. ಮೊಣಕಾಲುದ್ದ ಇಳಿದ ಮೇಲೆ, ಜೋಳ ತುಂಬಿಟ್ಟ ಹಗೇವಿನ ಬಾಯಿ ತೆರೆದಾಗ ಬರುವಂಥ ಬೆಚ್ಚಗಿನ ವಾಸನೆ. ಅದಕ್ಕೆ ವಿಭೂತಿ, ಬಿಲ್ವಪತ್ರಿ ಸೇರಿದರೆ ನಮ್ಮ ಮಂದಿಯ ಸಾವಿನ ವಾಸನೆ. ನನ್ನ ಮೂಗಿಗೆ ಅದು ಹೊಸದಲ್ಲ. ಆದರೆ ಒಂದು ವರ್ಷ ಈ ವಾಸನೆ ಇಲ್ಲದೆಯೇ ನಮ್ಮ ಮನೆಯಲ್ಲಿ ಒಂದು ಸಾವು ಆಗಿಹೋಯಿತು. ಆ ವರ್ಷದ ಬಗ್ಗೆ ಬರೆಯಲು ಕೂತಿದ್ದೇನೆ.

ಅವ್ವನನ್ನು ಗುಂಡಿಯೊಳಗಿನ ಗೂಡಿನಲ್ಲಿ ಕೂಡಿಸಿ, ಅಯ್ಯನವರು ಆಕೆಯ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟರು. ಅಯ್ಯನವರು ಅಂದರೆ ವಯಸ್ಸಾದವರಲ್ಲ, ನನ್ನ ಮಗನ ಓರಗೆಯವರು. ಆಮೇಲೆ ಆಕೆಯ ಕೊರಳಲ್ಲಿ ಇನ್ನೊಂದು ಗಂಟು ಇರುವುದು ಅವರ ಕಣ್ಣಿಗೆ ಬಿತ್ತು. ಬಿಳಿ ಬಟ್ಟೆಯಲ್ಲಿ ಕಟ್ಟಿದ ಇನ್ನೊಂದು ಲಿಂಗ.

“ಇದ್ಯಾರದವ್ವಾ?”

“ನಮ್ಮಣ್ಣಂದು. ಆಕಿ ಬಲಗೈಯಾಗ ಇಡ್ರಿ.”

“ಒಂದು ಮೈಗೆ ಎರಡು ಲಿಂಗ ಹೆಂಗ ಬರತಾವ? ಎಲ್ಲೂ ಇಲ್ಲದ ಪದ್ಧತಿ ಹೇಳ್ತೀರಲ್ಲ.”

ನನ್ನ ಹಿಂದೆ ನಿಂತಿದ್ದ ದಾಯಾದಿಯೊಬ್ಬ ಪಕ್ಕದವನಿಗೆ ಮೆಲ್ಲಗೆ ಅಂದ: “ಬಟ್ಟ್ಯಾಗ ಯಾಕ ಕಟ್ಟ್ಯಾರ? ಇವರ ಮನ್ಯಾಗ ಬೆಳ್ಳಿ ಕರಡಿಗಿ ಇತ್ತಲ್ಲ. ಸಿಪಾಯೇರ ಬೆಳ್ಳಿ ಅಂದ್ರ ಸುತ್ತ ಹತ್ತು ಊರಿಗೆ ಹೆಸರಾಗಿತ್ತು.”

ಬೆಳ್ಳಿ ಅನ್ನುವ ಆ ಮಾತಿಗೆ ನನ್ನ ಮೈ ಉರಿದುಹೋಯಿತು. ಹೆಣದ ಮುಂದೆ ನಿಂತು ಜಗಳ ಮಾಡುವ ಹೆಂಗಸು ನಾನಲ್ಲ. ಆದರೆ ನಲವತ್ತು ವರ್ಷ ಕಳೆದರೂ ನಮ್ಮವರ ಬಾಯಲ್ಲಿ ಉಳಿದದ್ದು ಬೆಳ್ಳಿ ಮಾತ್ರ, ಅದನ್ನು ಹಾಕಿಕೊಂಡವನ ಹೆಸರಲ್ಲ. ಅವನ ಹೆಸರು ಚೆನ್ನಬಸವ. ನನ್ನ ಅಣ್ಣ.

ನಮ್ಮ ಊರು ಆಸ್ಪರಿ ಸ್ಟೇಷನ್ನಿಗೆ ಎರಡು ಮೈಲಿ. ಆಸ್ಪರಿ, ಆದೋನಿ ಎಲ್ಲ ಆಗ ಬಳ್ಳಾರಿ ಜಿಲ್ಲೆ. ಊರಲ್ಲಿ ನಮ್ಮನ್ನು ಸಿಪಾಯೇರು ಅನ್ನುತ್ತಿದ್ದರು. ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಪಲ್ಟನ್ ಸೇರಿ ಬರ್ಮಾಕ್ಕೆ ಹೋಗಿದ್ದ. ಬರ್ಮಾದ ರಾಜನನ್ನು ಇಳಿಸಿ ಸರಕಾರ ಆ ದೇಶವನ್ನು ತೆಗೆದುಕೊಂಡಾಗ ಮುತ್ಯಾನ ಎದೆಗೆ ಒಂದು ಬೆಳ್ಳಿ ಪದಕ ಸಿಕ್ಕಿತು. ಅದರ ಮೇಲೆ ರಾಣಿಯ ಮುಖ. ಮುತ್ಯಾ ಅದನ್ನು ಹಬ್ಬಕ್ಕೊಮ್ಮೆ ಅಂಗಿಗೆ ಸಿಕ್ಕಿಸಿಕೊಂಡು ಚಾವಡಿಗೆ ಹೋಗುತ್ತಿದ್ದನಂತೆ. ನಮ್ಮ ಆಯಿಗೆ, ಅಂದರೆ ಮುತ್ಯಾನ ಹೆಂಡತಿಗೆ, ಅದು ಸೇರುತ್ತಿರಲಿಲ್ಲ. “ಎದಿ ಮ್ಯಾಲೆ ಲಿಂಗ ಇರಬೇಕು, ಆ ಹೆಣ್ಮಗಳ ಮುಖ ಯಾಕ ಹೊತ್ಕೊಂಡು ತಿರುಗತೀ?” ಅಂತ ಬೈಯುತ್ತಿದ್ದಳು. ಮುತ್ಯಾ ಸತ್ತ ವರ್ಷವೇ ಅವಳು ಆ ಪದಕವನ್ನು ಆದೋನಿಯ ಅಕ್ಕಸಾಲಿಗನ ಹತ್ತಿರ ಒಯ್ದು ಕರಗಿಸಿ, ಮೊಮ್ಮಗನಿಗೆಂದು ಕರಡಿಗೆ ಮಾಡಿಸಿದಳು. ಲಿಂಗ ಇಡುವ ಡಬ್ಬಿ ಅದು, ಕೋಳಿಮೊಟ್ಟೆಯಷ್ಟು, ಮುಚ್ಚಿದರೆ ‘ಟಕ್’ ಅನ್ನುತ್ತಿತ್ತು. ನಮ್ಮ ಬೀದಿಯಲ್ಲಿ ಎಲ್ಲರದೂ ಬಟ್ಟೆಯ ಗಂಟು. ಬೆಳ್ಳಿ ಕರಡಿಗೆ ಅಣ್ಣನೊಬ್ಬನದೇ.

ಇದೇನು ದೊಡ್ಡ ಮಾತು ಅನ್ನಿಸಬಹುದು. ನಮ್ಮಲ್ಲಿ ಮೈಮೇಲೆ ಬಂದ ಲಿಂಗ ಸಾಯುವವರೆಗೆ ಮೈ ಬಿಡುವುದಿಲ್ಲ. ಸತ್ತರೂ ಬಿಡುವುದಿಲ್ಲ, ಅಂಗೈಯಲ್ಲಿಟ್ಟು ಅದರೊಂದಿಗೇ ಮಣ್ಣು ಕೊಡಬೇಕು. ಲಿಂಗ ಬಿಟ್ಟು ಮಣ್ಣಾದವನನ್ನು ಸತ್ತ ಅಂತಲೂ ಅನ್ನುವಂತಿಲ್ಲ, ಬದುಕಿದ್ದಾನೆ ಅಂತಲೂ ಅನ್ನುವಂತಿಲ್ಲ. ನಮ್ಮ ಬೀದಿಯಲ್ಲಿ ಬಡವರಿಗೂ ಈ ಒಂದು ಮರ್ಯಾದೆ ತಪ್ಪಿದ್ದಿಲ್ಲ.

ಅಪ್ಪ, ಮಲ್ಲಪ್ಪ, ಹಿಂದಿನ ದೊಡ್ಡ ಯುದ್ಧದಲ್ಲಿ ಬಸ್ರಾಕ್ಕೆ ಹೋಗಿ ಬಂದವನು. ಎಡಗಾಲು ಸ್ವಲ್ಪ ಎಳೆಯುತ್ತಿದ್ದ. ಅವನ ಹತ್ತಿರ ಬಸ್ರಾದ ಒಂದು ಕತೆ ಇತ್ತು. ಕೌತಾಳದ ಶಿವಪ್ಪ ಅನ್ನುವವನು ಅವನ ಜೊತೆಗಾರ. ಮರಳುಗಾಡಿನಲ್ಲಿ ರಕ್ತಭೇದಿಯಾಗಿ ಸತ್ತ. ಅವನನ್ನು ಹೂಳುವಾಗ ಬಿಳಿ ದೊರೆ ಟೊಪ್ಪಿಗೆ ತೆಗೆದು ನಿಂತು, “ಇವನ ದೇವರು ಇವನ ಕೈಯಲ್ಲೇ ಇರಲಿ” ಎಂದು ಹೇಳಿ, ಶಿವಪ್ಪನ ಲಿಂಗವನ್ನು ಅಂಗೈಯಲ್ಲಿ ಇಡಿಸಿದನಂತೆ. ಅಪ್ಪ ಈ ಕತೆ ಹೇಳುವಾಗ ತಾನೂ ಎದ್ದು ನಿಲ್ಲುತ್ತಿದ್ದ. ಜಾತ್ರೆಗೆ ಬಂದ ಬೀಗರಿಗೆ, ಚಿಪ್ಪಗಿರಿಯಿಂದ ಕುರಿ ಹೊಡೆದುಕೊಂಡು ಬಂದವರಿಗೆ, ಎಲ್ಲರಿಗೂ ಹೇಳಿದ್ದ. “ಸರಕಾರಕ್ಕ ನೀತಿ ಐತಿ” ಅಂತ ಕತೆ ಮುಗಿಸುತ್ತಿದ್ದ.

ಆ ವರ್ಷ ಹತ್ತಿ ಬಿಡಿಸುವ ಕಾಲ. ಚಳಿ ಒಣಗಿತ್ತು, ಹೊಲವೆಲ್ಲ ಬಿಳಿ. ಯುದ್ಧ ಮತ್ತೆ ನಡೆದಿತ್ತು, ಈ ಸಲ ಬರ್ಮಾದ ಕಡೆಗೇ. ಮುತ್ಯಾನ ಪಲ್ಟನ್ ತೆಗೆದುಕೊಟ್ಟ ದೇಶವನ್ನು ಜಪಾನಿನವರು ಕಸಿದುಕೊಂಡಿದ್ದರು. ಊರ ರೆಡ್ಡಿ ಒಬ್ಬ ಹವಾಲ್ದಾರನನ್ನು ಕರೆದುಕೊಂಡು ನಮ್ಮ ಕಟ್ಟೆಯ ಮೇಲೆ ಬಂದು ಕೂತ. ರೆಡ್ಡಿಗೆ ಮೂವರು ಗಂಡುಮಕ್ಕಳು, ಮೂವರೂ ಗಟ್ಟಿಮುಟ್ಟು. ಅವರ ಮಾತೇ ಬರಲಿಲ್ಲ.

“ಊರಿಂದ ಮಂದಿ ಕೊಡ್ರಿ ಅಂತ ತಾಲೂಕಿಂದ ಹೇಳ್ಯಾರಪ್ಪ ಮಲ್ಲಪ್ಪಾ,” ಅಂದ ರೆಡ್ಡಿ. “ನಾ ಯಾರ ಮನಿಗೆ ಹೋಗ್ಲಿ? ಸಿಪಾಯಿ ಮನಿ ಅಂದ್ರ ನಿಂದೇ. ನಿಮ್ಮದು ರಕ್ತದಾಗೇ ಐತಿ.”

ಹವಾಲ್ದಾರ ತೆಲುಗಿನವನು. “ಅವುನಯ್ಯಾ, ತಾತ, ತಂಡ್ರಿ, ಇಪ್ಪುಡು ಕೊಡುಕು. ಮೂಡು ತರಾಲು!” ಎಂದು, ತಾತ, ಅಪ್ಪ, ಈಗ ಮಗ, ಮೂರು ತಲೆಮಾರು ಅಂತ ಬೆರಳು ಎಣಿಸಿ, ಅಣ್ಣನ ಬೆನ್ನು ತಟ್ಟಿದ.

ರಕ್ತದಲ್ಲಿ ಐತಿ ಅಂದ ಆ ರೆಡ್ಡಿಯ ಮಾತು ಈಗ ನೆನೆದರೂ ನನಗೆ ಸಿಟ್ಟು ಬರುತ್ತದೆ. ನಮ್ಮ ರಕ್ತದಲ್ಲಿ ಇದ್ದದ್ದು ಬಡತನ. ಮುತ್ಯಾ ಬರ್ಮಾಕ್ಕೆ ಹೋದದ್ದು ಎರಡು ಹೊತ್ತಿನ ರೊಟ್ಟಿಗೆ. ಒಬ್ಬರು ಹೋದರೆ ಹೋಗುವ ಮನೆ ಅಂತ ಹೆಸರು ಬೀಳುತ್ತದೆ, ಹೆಸರು ಬಿದ್ದ ಮೇಲೆ ಪ್ರತಿ ಸಲವೂ ಅದೇ ಬಾಗಿಲು ತಟ್ಟುತ್ತಾರೆ. ಅದನ್ನು ಮನೆತನದ ಮರ್ಯಾದೆ ಅಂತ ನಾವೇ ನಂಬಿದೆವು.

ಅಣ್ಣ ಆಗ ಆದೋನಿಯ ಹತ್ತಿ ಹಿಂಜುವ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದ. ವಾರಕ್ಕೊಮ್ಮೆ ತಲೆ ತುಂಬ ಹತ್ತಿ ಎಳೆ ಅಂಟಿಸಿಕೊಂಡು ಬರುತ್ತಿದ್ದ. “ನೋಡವ್ವಾ, ನಿನ್ನ ಮಗ ಮುದುಕ ಆಗಿ ಬಂದಾನ” ಅಂತ ಬಾಗಿಲಲ್ಲೇ ಬೆನ್ನು ಬಾಗಿಸಿ ನಿಲ್ಲುತ್ತಿದ್ದ. ನಾನು ಆದೋನಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಎಂಟನೆಯ ಇಯತ್ತೆಯವರೆಗೆ ಓದಿ ಮನೆಗೆ ಬಂದಿದ್ದೆ. ಅವನೇ ನನ್ನನ್ನು ಓದಿಸಿದ್ದು. ಸಿಪಾಯಿಯ ಅಂಗಿ, ರೈಲು, ದೂರದ ದೇಶ ಅಂದರೆ ಅವನಿಗೂ ಆಸೆ ಇತ್ತು. ಸುಳ್ಳು ಯಾಕೆ ಹೇಳಲಿ.

ಬೇಡ ಅಂದವಳು ಅವ್ವ ಒಬ್ಬಳೇ. ಆಕೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತ, ತಲೆ ಎತ್ತದೆ ಕೇಳಿದಳು:

“ಅಲ್ಲಿ ಏನರ ಆದ್ರ ಮಣ್ಣು ಯಾರು ಕೊಡ್ತಾರ?”

“ಬಿಡ್ತು ಅನ್ನು,” ಅಂದ ಅಪ್ಪ.

“ಬಿಡ್ತು. ಆದ್ರ ಕೇಳಿದ್ದಕ್ಕ ಹೇಳ್ರಿ. ಲಿಂಗ ಕೈಯಾಗ ಯಾರು ಇಡ್ತಾರ?”

ಅಪ್ಪ ಎದ್ದು ನಿಂತ. “ಶಿವಪ್ಪನ ಮಣ್ಣು ನಾ ಕಣ್ಣಾರೆ ನೋಡೀನಿ. ದೊರಿ ಟೊಪ್ಪಿಗಿ ತಗದು ನಿಂತಿದ್ದ. ಅವರು ಧರ್ಮಕ್ಕ ಕೈ ಹಚ್ಚಂಗಿಲ್ಲ. ನನ್ನ ಮಾತು ನಂಬು.”

ರೊಟ್ಟಿ ಬಡಿಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಯಿತು. ಅವ್ವ ಒಪ್ಪಿದಳು ಅಂತ ಅದರ ಅರ್ಥ. ಹೊರಡುವ ದಿನ ಆಸ್ಪರಿ ಸ್ಟೇಷನ್ನಿನಲ್ಲಿ ಆಕೆ ಅಣ್ಣನ ಅಂಗಿಯೊಳಗೆ ಕೈ ಹಾಕಿ ಕರಡಿಗೆಯ ದಾರ ಎಳೆದು ನೋಡಿದಳು. ಹೊಸ ದಾರ, ಎರಡೆಳೆ. “ಸ್ನಾನಕ್ಕೂ ತಗೀಬ್ಯಾಡ” ಅಂದಳು. “ಇಲ್ಲಬೇ, ಇದರ ಜೋಡಿನೇ ಹೋಗಿ ಇದರ ಜೋಡಿನೇ ಬರ್ತೀನಿ” ಅಂದ.

ಉಗಾದಿ ಕಳೆದ ಮೇಲೆ ಪತ್ರಗಳು ಬರತೊಡಗಿದವು. ನಾನು ಓದುತ್ತಿದ್ದೆ, ಅವ್ವ ಕಣ್ಣು ಮುಚ್ಚಿ ಕೇಳುತ್ತಿದ್ದಳು. ನಡುನಡುವೆ ಮಸಿ ಹೊಡೆದ ಸಾಲುಗಳು. ಅಲ್ಲಿಗೆ ಬಂದಾಗ ನಾನು ನಿಂತರೆ, “ಓದು” ಅನ್ನುತ್ತಿದ್ದಳು. “ಕರ್ರಗ ಮಾಡ್ಯಾರವ್ವ, ಕಾಣಂಗಿಲ್ಲ” ಅಂದರೆ, “ನನ್ನ ಮಗ ನನಗ ಬರದದ್ದು ಅವರು ಯಾಕ ಅಳಸ್ತಾರ?” ಅನ್ನುತ್ತಿದ್ದಳು. ನಾನು ಮುಂದಿನ ಸಾಲಿಗೆ ಹೋಗುತ್ತಿದ್ದೆ.

ಅಣ್ಣನ ಪತ್ರದಲ್ಲಿ ತಮಾಷೆಯೇ ಹೆಚ್ಚು. ಸಾಲಿನಲ್ಲಿ ನಿಂತು ಸ್ನಾನ ಮಾಡುವಾಗ ಜೊತೆಯ ಸಾಬರ ಹುಡುಗ ಕರಡಿಗೆ ನೋಡಿ, “ಅರೇ ಭಾಯ್, ಗಲೇ ಮೇ ಅಂಡಾ ಕೈಕೂ?” ಅಂದನಂತೆ, ಕೊರಳಲ್ಲಿ ಮೊಟ್ಟೆ ಯಾಕೆ ಅಂತ. ಆವತ್ತಿನಿಂದ ಅಣ್ಣನಿಗೆ ಅಂಡೇವಾಲಾ ಅಂತ ಹೆಸರು. “ದಿನಾ ಬೆಳಿಗ್ಗೆ ಎದ್ದು ‘ಮೊಟ್ಟೆ ಒಡೆದು ಮರಿ ಬಂತೇನೋ’ ಅಂತ ಕೇಳ್ತಾರ. ಇನ್ನೂ ಬಂದಿಲ್ಲ ಅಂತೀನಿ” ಎಂದು ಬರೆದಿದ್ದ. ಅವ್ವ ಅದಕ್ಕೆ ನಕ್ಕಳು. ಆ ವರ್ಷ ಆಕೆ ನಕ್ಕದ್ದು ನನಗೆ ನೆನಪಿರುವುದು ಅದೊಂದೇ ಸಲ.

ಅಪ್ಪನಿಗೆ ಆ ದಿನಗಳಲ್ಲಿ ಒಂದು ಹೊಸ ರೂಢಿ ಬಂದಿತ್ತು. ಸಿಪಾಯಿಗಳನ್ನು ತುಂಬಿಕೊಂಡ ರೈಲುಗಳು ಆಸ್ಪರಿ ದಾಟಿ ಹೋಗುತ್ತಿದ್ದವು. ಹೊಲದಲ್ಲಿ ಎಡೆ ಹೊಡೆಯುತ್ತಿದ್ದರೂ ಅದರ ಸದ್ದು ಕೇಳಿದ ಕೂಡಲೇ ಎತ್ತು ನಿಲ್ಲಿಸಿ, ಎಳೆಯುವ ಕಾಲನ್ನು ಜೋಡಿಸಿಕೊಂಡು ಸಲಾಮು ಹೊಡೆಯುತ್ತಿದ್ದ. ರೈಲು ಹೋಗುವವರೆಗೂ ಕೈ ಇಳಿಸುತ್ತಿರಲಿಲ್ಲ.

ಶ್ರಾವಣದಲ್ಲಿ ತಂತಿ ಬಂತು. ಮಳೆ ಹಿಡಿದಿತ್ತು, ಟಪಾಲಿನವನು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಎರೆಯಲ್ಲಿ ನಡೆದು ಬಂದಿದ್ದ. ಸ್ಟೇಷನ್ ಮಾಸ್ತರರಿಂದ ಮೊದಲೇ ಓದಿಸಿಕೊಂಡಿದ್ದನೋ ಏನೋ, ನಮ್ಮ ಮುಖ ನೋಡದೆ ಅಪ್ಪನ ಕೈಗೆ ಕೊಟ್ಟು ಹೋದ. ಬರ್ಮಾದ ಗಡಿಯ ಒಂದು ಆಸ್ಪತ್ರೆಯಲ್ಲಿ ಅಣ್ಣ ಜ್ವರದಿಂದ ತೀರಿಹೋಗಿದ್ದ. ಗುಂಡು ಕೂಡ ಅಲ್ಲ. ಸೊಳ್ಳೆ.

ಅತ್ತೆವು. ಊರಿನವರು ಬಂದರು. ರೆಡ್ಡಿಯೂ ಬಂದು, “ವೀರ ಸ್ವರ್ಗ” ಅಂದ. ಅವನ ಮಕ್ಕಳು ಹಿಂದೆ ಕೈಕಟ್ಟಿ ನಿಂತಿದ್ದರು. ಅವ್ವ ಆಗ ಎದೆ ಬಡಿದುಕೊಂಡರೂ ಕೊನೆಗೆ ತನಗೆ ತಾನೇ ಒಂದು ಮಾತು ಹೇಳಿಕೊಂಡಳು: “ಲಿಂಗದ ಜೋಡಿ ಹೋದ. ಅಷ್ಟಾದ್ರೂ ಆತು.” ಆ ಒಂದು ಮಾತನ್ನು ಹಿಡಿದುಕೊಂಡೇ ಆಕೆ ಮಳೆಗಾಲ ಕಳೆದಳು, ಹಿಂಗಾರಿ ಬಿತ್ತಿದಳು, ಹತ್ತಿ ಬಿಡಿಸಲು ಹೋದಳು.

ಹತ್ತಿ ಬಿಡಿಸುವ ಕಾಲಕ್ಕೆ, ಅಣ್ಣ ಪಲ್ಟನ್ನಿಗೆ ಹೋಗಿ ಸರಿಯಾಗಿ ಒಂದು ವರ್ಷಕ್ಕೆ, ಪಾರ್ಸೆಲ್ ಬಂತು. ಖಾಕಿ ಬಟ್ಟೆಯಲ್ಲಿ ಅಚ್ಚುಕಟ್ಟಾಗಿ ಹೊಲಿದ ಗಂಟು, ಮೂಲೆಗಳಿಗೆ ಅರಗು. ಒಳಗೆ ಒಂದು ಪಟ್ಟಿ, ಇಂಗ್ಲಿಷಿನಲ್ಲಿ. ನನಗೆ ಬರುತ್ತಿದ್ದ ಇಂಗ್ಲಿಷು ಅಷ್ಟಕಷ್ಟೆ, ಆದರೂ ಬೆರಳಿಟ್ಟು ಕೂಡಿಸಿಕೊಂಡು ಓದಿದೆ. ಅಂಗಿ, ಎರಡು. ಬಾಚಣಿಗೆ, ಒಂದು. ಪತ್ರಗಳು, ಒಂದು ಕಟ್ಟು. ಡಬ್ಬಿ, ಬೆಳ್ಳಿಯದು, ಮೊಟ್ಟೆಯ ಆಕಾರ, ಒಂದು. ಆಮೇಲಿನ ಸಾಲು ನನಗೆ ಓದಲು ಏನೂ ಕಷ್ಟವಾಗಲಿಲ್ಲ. ಕಲ್ಲು, ಕಪ್ಪು, ಸಣ್ಣದು, ಒಂದು.

ಅವ್ವ ಆಗಲೇ ಗಂಟಿಗೆ ಕೈ ಹಾಕಿದ್ದಳು. ಅಂಗಿಯ ಮಡಿಕೆಯೊಳಗಿಂದ ಕರಡಿಗೆ ಆಕೆಯ ಕೈಗೆ ಸಿಕ್ಕಿತು. ‘ಟಕ್’ ಅಂತ ತೆರೆದಳು. ಲಿಂಗ ಒಳಗಿತ್ತು. ಯಾರೋ ಬೆಳ್ಳಿಯನ್ನು ತಿಕ್ಕಿ ಹೊಳೆಯುವ ಹಾಗೆ ಮಾಡಿದ್ದರು.

“ಇದು ಇಲ್ಲಿ ಯಾಕ ಬಂತು?” ಅಂದಳು ಅವ್ವ. ಅಪ್ಪನನ್ನೇ ನೋಡುತ್ತ ಮತ್ತೆ ಕೇಳಿದಳು. “ಇದು ಇಲ್ಲೈತಿ ಅಂದ್ರ ಅವನ ಕೈಯಾಗ ಏನೈತಿ?”

ತಂತಿ ಬಂದ ದಿನಕ್ಕಿಂತ ಅಂದಿನ ಅವ್ವನ ಅಳು ನನಗೆ ಹೆಚ್ಚು ನೆನಪಿದೆ. ಅದಕ್ಕೆ ಸದ್ದು ಇರಲಿಲ್ಲ.

ಮರುದಿನ ಅಪ್ಪ ನನ್ನನ್ನು ಕರೆದುಕೊಂಡು ಆದೋನಿಗೆ ಹೊರಟ. ಓದಲು ಬರೆಯಲು ನಾನು. ಕರಡಿಗೆಯನ್ನು ಲಿಂಗದ ಸಮೇತ ಮಡಿಬಟ್ಟೆಯಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡಿದ್ದ. ಅವನಿಗೆ ಇದ್ದದ್ದು ಒಂದೇ ಬೇಡಿಕೆ. ಗುಂಡಿ ಎಲ್ಲಿದೆ ಅಂತ ಅವರಿಗೆ ಗೊತ್ತಿರುತ್ತದೆ. ಈ ಲಿಂಗವನ್ನು ಅಲ್ಲಿಗೆ ಕಳಿಸಿ, ಗುಂಡಿಯಲ್ಲಿ ಇಡಿಸಬೇಕು. ಕೈಯಲ್ಲಿ ಆಗದಿದ್ದರೆ ಪಕ್ಕದಲ್ಲಾದರೂ.

ಕೋಟೆ ಗುಡ್ಡದ ಕೆಳಗೆ ಸಿಪಾಯಿಗಳ ಕಾಗದ ನೋಡುವ ಒಂದು ಕಚೇರಿ. ಮಧ್ಯಾಹ್ನದವರೆಗೆ ಹೊರಗೆ ಕೂತೆವು. ಮಿಲ್ಲುಗಳ ಕಡೆಯಿಂದ ಹತ್ತಿಯ ಧೂಳು ಗಾಳಿಯಲ್ಲಿ ತೇಲಿ ಬರುತ್ತಿತ್ತು. ಅಪ್ಪನ ತಲೆಯ ಮೇಲೂ ನಾಲ್ಕು ಎಳೆ ಕೂತವು. ಅಣ್ಣ ನೆನಪಾದ. ನಾನು ಅವನ್ನು ತೆಗೆಯಲಿಲ್ಲ.

ಒಳಗೆ ಗುಮಾಸ್ತ ಕೆಟ್ಟವನೇನಲ್ಲ. ಕನ್ನಡ ತೆಲುಗು ಎರಡೂ ಬೆರೆಸಿ ಮಾತಾಡುತ್ತಿದ್ದ. ಅಪ್ಪ ಎಲ್ಲ ಹೇಳಿದ ಮೇಲೆ ಅವನು ಪಟ್ಟಿ ನೋಡಿದ, ಕರಡಿಗೆ ನೋಡಿದ.

“ಅನ್ನೀ ಸರಿಗ್ಗಾ ಉನ್ನಾಯಿ ಕದಾ. ಎಲ್ಲ ಬಂದೈತಲ್ಲಪ್ಪಾ. ಒಂದು ಅಂಗಿ ಗುಂಡಿ ಕೂಡ ಹೋಗಿಲ್ಲ. ನೋಡು, ಬೆಳ್ಳಿ ಸಾಮಾನು ಎಷ್ಟು ಜೋಪಾನ ಮಾಡಿ ಕಳಿಸ್ಯಾರ! ಬೇರೆ ಕಡೆ ಆಗಿದ್ರ ಯಾರೋ ಹೊಡಕೊಂತಿದ್ರು.”

“ಬುದ್ಧೀ, ಇದು ಸಾಮಾನಲ್ಲರಿ. ಇದು ಅವನ ಜೋಡಿ ಹೋಗಬೇಕಿತ್ತರಿ. ವಾಪಸ್ ಕಳಸ್ರಿ.”

“ಎಕ್ಕಡಿಕಿ? ಎಲ್ಲಿಗಂತ ಕಳಸ್ಲಿ? ಸತ್ತವನ ಹೆಸರಿಗೆ ಪಾರ್ಸೆಲ್ ಹೋಗಂಗಿಲ್ಲ. ರೂಲ್ ಲೇದು, ಇಲ್ಲಪ್ಪಾ.” ಅವನು ಒಂದು ಕಾಗದ ಮುಂದೆ ತಳ್ಳಿದ. “ಇಲ್ಲಿ ಸಂತಕಂ ಪೆಟ್ಟು. ಎಲ್ಲ ಮುಟ್ಟಿತು ಅಂತ ಸಹಿ. ಆಮೇಲೆ ಪಿಂಚಣಿ ಕಾಗದ ನಡೀತಾವ.”

ಅಪ್ಪ ಸಹಿ ಮಾಡಬಲ್ಲವನು. ಪಲ್ಟನ್ನಿನಲ್ಲಿ ಕಲಿತಿದ್ದ. ಲೇಖನಿ ಹಿಡಿದು ಕಾಗದದ ಮೇಲೆ ಬಾಗಿದ. ಆಮೇಲೆ ಲೇಖನಿ ಕೆಳಗಿಟ್ಟ.

“ಮುಟ್ಟಬೇಕಾದವಗ ಮುಟ್ಟಿಲ್ಲರಿ. ಮುಟ್ಟಿತು ಅಂತ ಹೆಂಗ ಬರೀಲಿ?”

ಗುಮಾಸ್ತನಿಗೆ ಅರ್ಥವಾಗಲಿಲ್ಲ. ನನ್ನ ಕಡೆ ತಿರುಗಿ, “ನೀ ಓದಿದ ಹುಡುಗಿ, ಮುದುಕಂಗ ಹೇಳಮ್ಮಾ” ಅಂದ. ಆವತ್ತು ಹೇಳಬೇಕಾಗಿದ್ದನ್ನು ಇವತ್ತು ಬರೆಯುತ್ತಿದ್ದೇನೆ. ಅಯ್ಯಾ, ಬೆಳ್ಳಿಯನ್ನು ಕದಿಯದೆ ಕಳಿಸಿದ್ದನ್ನು ನೀವು ಪ್ರಾಮಾಣಿಕತನ ಅಂದಿರಿ. ಅದು ಕಳುವಾಗಿದ್ದರೆ ನಾವು ಬದುಕುತ್ತಿದ್ದೆವು. ಒಬ್ಬ ಕಳ್ಳ ಡಬ್ಬಿಯನ್ನು ಜೇಬಿಗಿಳಿಸಿ ಕಲ್ಲನ್ನು ಹೆಣದ ಮೇಲೆ ಬಿಸಾಕಿದ್ದರೆ ಅವನ ಕಾಲಿಗೆ ನಮಸ್ಕಾರ ಮಾಡುತ್ತಿದ್ದೆವು.

ಸಹಿಯಿಲ್ಲದ ರಸೀದಿಯನ್ನು ಹಿಡಿದುಕೊಂಡು ಸಂಜೆಯ ಗಾಡಿಗೆ ಆಸ್ಪರಿಯಲ್ಲಿ ಇಳಿದೆವು. ಊರ ದಾರಿ ಹಿಡಿಯುವ ಮೊದಲೇ ಸಿಪಾಯಿಗಳ ರೈಲೊಂದು ಬಂತು. ಕಿಟಕಿಗಳಲ್ಲಿ ಹುಡುಗರು. ಕೈ ಬೀಸಿದರು. ಅಪ್ಪನ ಬಲಗೈ ರೂಢಿಯಿಂದ ಎದೆಯವರೆಗೆ ಎದ್ದಿತು. ಅಲ್ಲಿ ಕಟ್ಟಿಕೊಂಡಿದ್ದ ಕರಡಿಗೆ ತಾಗಿ ನಿಂತಿತು. ಮೇಲೆ ಹೋಗಲಿಲ್ಲ. ರೈಲು ಹೋದ ಮೇಲೆ ಅವನು ಹಳಿಯ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟ.

“ನೀಲಾ, ದೊರಿ ಇದ್ದಿಲ್ಲವ್ವ” ಅಂದ.

“ಯಾವ ದೊರಿ?”

“ಶಿವಪ್ಪನ ಮಣ್ಣಿಗೆ. ಟೊಪ್ಪಿಗಿ ತಗದ ದೊರಿ. ಹಂಗ ಯಾರೂ ನಿಂತಿದ್ದಿಲ್ಲ. ಒಂದು ಉದ್ದನ ಕಂದಕ. ಹತ್ತು ಹನ್ನೆರಡು ಹೆಣ ಸಾಲಾಗಿ ಇಟ್ಟಿದ್ರು. ನಾ ಕಂದಕದಾಗ ಜಿಗಿದು, ಅವನ ಕೊರಳಿಂದು ಬಿಚ್ಚಿ, ಅಂಗೈಯಾಗ ಇಟ್ಟು, ಬೆರಳು ಮಡಚಿ ದಾರದಲೆ ಕಟ್ಟಿದೆ. ಬಟ್ಟಿ ಗಂಟು ಅದು, ಯಾರಿಗೂ ಬೇಕಾಗಿದ್ದಿಲ್ಲ. ದೊರಿ ಬಂದಿದ್ದು ಆಮ್ಯಾಲ. ಸಾಲು ಬಿಟ್ಟು ಕಂದಕಕ್ಕ ಯಾಕ ಇಳದೀ ಅಂತ ಮೂರು ದಿನ ಬಿಸಲಾಗ ಭಾರದ ಸಾಮಾನಿನ ಗಂಟು ಹೊರಿಸಿ ನಿಲ್ಲಿಸಿದ. ಈ ಕಾಲು ಆಗ ಹೋತು.”

“ಮತ್ತ ಹಂಗ ಯಾಕ ಹೇಳಿದ್ಯಪ್ಪಾ? ಇಷ್ಟು ವರ್ಷ?”

“ಊರಿಗೆ ಬಂದ ಮ್ಯಾಲೆ ಅವರವ್ವಗ ಹೇಳಾಕ ಕೌತಾಳಕ್ಕ ಹೋದೆ. ಮುದುಕಿ ಬಾಗಲದಾಗ ಕುಂತಿತ್ತು. ಕಂದಕ ಅಂತ ಹೆಂಗ ಹೇಳ್ಲಿ? ದೊರಿನ್ನ ಸೇರಿಸಿದೆ. ಟೊಪ್ಪಿಗಿ ತಗಿಸಿದೆ. ಮುದುಕಿ ನನ್ನ ಕೈ ಹಿಡದು ಕಣ್ಣಿಗೆ ಒತ್ಕೊಂಡಿತು. ಆಮ್ಯಾಲ ಹೇಳಿ ಹೇಳಿ ನನಗೂ ಖರೇನೇ ಅನಸ್ತು.” ಅವನು ಎಳೆಯುವ ಕಾಲನ್ನು ಕೈಯಿಂದ ಎತ್ತಿ ಮುಂದಿಟ್ಟುಕೊಂಡ. “ಶಿವಪ್ಪಗ ನಾನಿದ್ದೆ. ನಮ್ಮ ಚೆನ್ನಗ ಯಾರೂ ಇದ್ದಿಲ್ಲ.”

ಆ ಹೊತ್ತು ನನಗೆ ಅಪ್ಪನ ಮೇಲೆ ಬಂದ ಸಿಟ್ಟು ಜೀವನದಲ್ಲಿ ಯಾರ ಮೇಲೂ ಬಂದಿಲ್ಲ. ಅದೇ ಸುಳ್ಳಿನ ಮೇಲೆ ಅವ್ವ ಮಗನನ್ನು ರೈಲು ಹತ್ತಿಸಿದ್ದಳು. ಆದರೆ ಆ ಸಿಟ್ಟು ಅವನ ಮೇಲೆ ಬಹಳ ದಿನ ನಿಲ್ಲಲಿಲ್ಲ. ಒಬ್ಬ ಬಡ ಸಿಪಾಯಿ, ಶಿಕ್ಷೆಗೆ ಅಂಜದೆ ತಾನೇ ಮಾಡಿದ ಪುಣ್ಯದ ಕೆಲಸವನ್ನು ತನ್ನದು ಅಂತ ಹೇಳಿಕೊಳ್ಳದೆ ದೊರೆಯ ತಲೆಗೆ ಕಟ್ಟಿದ. ದೊರೆ ಮಾಡಿದ ಅಂದರೆ ಮಾತ್ರ ಮಂದಿ ನಂಬುವ ಕಾಲ. ಆ ಕಾಲದ ಮೇಲೆ ನನ್ನ ಸಿಟ್ಟು ಇಂದಿಗೂ ಆರಿಲ್ಲ.

ಮನೆಗೆ ಬಂದು ಅಪ್ಪ ಅದನ್ನೇ ಅವ್ವನಿಗೂ ಹೇಳಿದ. ನಾನು ಹೇಳಬೇಕಾಗಲಿಲ್ಲ. ಅವ್ವ ಪೂರ್ತಿ ಕೇಳಿದಳು. “ಮೊದಲೇ ಹೇಳಿದ್ರ ಕಳಸ್ತಿದ್ದಿಲ್ಲ” ಅಂದಳು. ಅಷ್ಟೇ. ಆಮೇಲೆ ಅವನ ಎದೆಯ ಗಂಟು ಬಿಚ್ಚಿ, ಕರಡಿಗೆ ತೆರೆದು, ಲಿಂಗವನ್ನು ಹೊರಗೆ ತೆಗೆದಳು. ತನ್ನ ಸೀರೆಯ ಸೆರಗಿನ ತುದಿ ಹರಿದು ಅದರಲ್ಲಿ ಕಟ್ಟಿದಳು. ಬೆಳ್ಳಿಯನ್ನು ಬೆರಳಿನಿಂದ ಹೊಸ್ತಿಲ ಆಚೆ ತಳ್ಳಿದಳು.

“ಬಟ್ಟ್ಯಾಗ ಇದ್ದಿದ್ರ ಅವನ ಜೋಡಿನೇ ಹೋಗ್ತಿತ್ತು” ಅಂದಳು.

ನಿಜ. ಅವರಿಗೆ ಕಂಡದ್ದು ಬೆಳ್ಳಿ. ಬೆಲೆಯುಳ್ಳದ್ದು, ಮನೆಗೆ ಕಳಿಸಬೇಕು ಅಂತ ತೆಗೆದಿಟ್ಟರು. ಬೀದಿಯಲ್ಲಿ ಯಾರಿಗೂ ಇಲ್ಲದ ಮರ್ಯಾದೆ ಮೊಮ್ಮಗನಿಗೆ ಇರಲಿ ಅಂತ ಆಯಿ ಮಾಡಿಸಿದ ಬೆ‍ಳ್ಳಿಯೇ ಅವನಿಗೆ ಮಣ್ಣಿನ ಮರ್ಯಾದೆ ತಪ್ಪಿಸಿತು.

ಅಪ್ಪ ಹೊಸ್ತಿಲಾಚೆಯ ಕರಡಿಗೆಯನ್ನು ಎತ್ತಿಕೊಂಡ. ಎರಡು ದಿನ ಬಿಟ್ಟು ಒಬ್ಬನೇ ಆದೋನಿಗೆ ಹೋಗಿ, ಅದೇ ಗುಮಾಸ್ತನ ಮೇಜಿನ ಮೇಲೆ ಅದನ್ನಿಟ್ಟ. “ಇದು ರಾಣಿ ಕೊಟ್ಟ ಬೆಳ್ಳಿ. ನಮ್ಮಪ್ಪ ಬರ್ಮಾದಿಂದ ತಂದಿದ್ದ. ನಿಮ್ಮದು ನಿಮಗ” ಅಂತ ಹೇಳಿ ಬಂದನಂತೆ. ವಾರ ಕಳೆಯುವುದರಲ್ಲಿ ಅದು ಟಪಾಲಿನಲ್ಲಿ ವಾಪಸ್ ಬಂತು. ಖಾಕಿ ಬಟ್ಟೆ, ಅರಗು, ಜೊತೆಗೆ ಇನ್ನೊಂದು ರಸೀದಿ. ಮೃತನ ಆಸ್ತಿ, ಬೆಳ್ಳಿಯ ಡಬ್ಬಿ, ಒಂದು, ಮುಟ್ಟಿದ್ದಕ್ಕೆ ಸಹಿ ಮಾಡಬೇಕು. ಅಪ್ಪ ಅದಕ್ಕೂ ಸಹಿ ಮಾಡಲಿಲ್ಲ. ಪಿಂಚಣಿಯ ಕಾಗದ ನಿಂತಲ್ಲೇ ನಿಂತಿತು. ರೈಲುಗಳು ಹೋಗುತ್ತಲೇ ಇದ್ದವು; ಅವನು ಎತ್ತು ನಿಲ್ಲಿಸಲಿಲ್ಲ.

ಉಳಿದದ್ದು ಲಿಂಗ. ಅದನ್ನು ಏನು ಮಾಡುವುದು ಅಂತ ಊರ ಹಿರಿಯ ಅಯ್ಯನವರನ್ನು ಕರೆಸಿದರು. ಅಣ್ಣ ಹುಟ್ಟುವಾಗಲೂ ನಾನು ಹುಟ್ಟುವಾಗಲೂ ಲಿಂಗ ಕೊಟ್ಟವರು ಅವರೇ. ಹೆಣವಿಲ್ಲದೆ ಸಮಾಧಿ ಮಾಡುವ ಹಾಗಿಲ್ಲ, ಹೊಳೆಗೆ ಬಿಡಬೇಕು ಅಂದರು. ಅವ್ವ ಬಾಗಿಲ ಮರೆಯಿಂದ ಹೊರಗೆ ಬಂದು ನಿಂತಳು. ಕೊರಳಲ್ಲಿ ಆಗಲೇ ಎರಡು ಗಂಟು.

“ಹೊಳಿಗೆ ಬಿಡಂಗಿಲ್ಲರಿ. ನನ್ನ ಮೈಮ್ಯಾಲ ಇರತೈತಿ. ನಾ ಹೋಗುವಾಗ ನನ್ನ ಕೈಯಾಗ ಹೋಗತೈತಿ.”

“ಒಂದು ಮೈಗೆ ಎರಡು ಲಿಂಗ ಇರಬಾರದವ್ವ.”

“ಯಾಕಿರಬಾರದು? ಚೆನ್ನ ಹೊಟ್ಟ್ಯಾಗ ಇದ್ದಾಗ, ಎಂಟನೇ ತಿಂಗಳದಾಗ, ನೀವೇ ಬಂದು ಅವನ ಲಿಂಗ ನನಗ ಕಟ್ಟಿದ್ರಿ. ಹಡಿಯೋ ತನಕ ನನ್ನ ಮೈಮ್ಯಾಲ ಎರಡೂ ಇದ್ದವು. ಆಗ ಶಾಸ್ತ್ರ ಏನೂ ಅನ್ನಲಿಲ್ಲ.” ಆಕೆಯ ಧ್ವನಿ ಏರಲೂ ಇಲ್ಲ, ನಡುಗಲೂ ಇಲ್ಲ. “ಅವಗ ಮಣ್ಣು ಸಿಕ್ಕಿಲ್ಲರಿ. ಸಿಗೋ ತನಕ ಅವ ಇನ್ನೂ ನನ್ನ ಹೊಟ್ಟ್ಯಾಗ ಅದಾನ ಅಂತ ತಿಳೀರಿ.”

ಅಯ್ಯನವರು ತಲೆ ತಗ್ಗಿಸಿದರು. ಚಾಪೆಯಿಂದ ಎದ್ದು, ತಮ್ಮ ವಿಭೂತಿಯನ್ನೇ ತೆಗೆದು, ಅವ್ವನ ಕೊರಳಿನ ಎರಡೂ ಗಂಟಿಗೆ ಹಚ್ಚಿ ಹೋದರು.

ನಲವತ್ತು ವರ್ಷ ಅವ್ವ ಅದನ್ನು ಹೊತ್ತಳು. ಬಟ್ಟೆ ಹರಿದಂತೆಲ್ಲ ಬೇರೆ ಬಟ್ಟೆಯಲ್ಲಿ ಕಟ್ಟಿದಳು. ಯುದ್ಧ ಮುಗಿಯಿತು, ಸರಕಾರ ಬದಲಾಯಿತು, ಜಿಲ್ಲೆ ಬದಲಾಯಿತು. ಅಪ್ಪ ಹೋದ. ಗುಂಡಿ ಎಲ್ಲಿದೆ ಅಂತ ಕೇಳಿ ನಾನು ಬರೆದ ಕಾಗದಗಳಿಗೆ ಯಾರೂ ಉತ್ತರ ಕೊಡಲಿಲ್ಲ.

ಹೋದ ತಿಂಗಳು ಗುಂಡಿಯ ದಂಡೆಯಲ್ಲಿ ಆ ಎಳೆಯ ಅಯ್ಯನವರು ಪದ್ಧತಿ ಕೇಳಿದಾಗ ಅವ್ವನ ಮಾತನ್ನೇ ಹೇಳಿದೆ, ಒಂದಕ್ಷರವೂ ಬದಲಿಸದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ ಪಕ್ಕಕ್ಕೆ ಸರಿದರು. ನಾನೇ ಗುಂಡಿಗೆ ಇಳಿದೆ. ಅವ್ವನ ಬಲಗೈಯನ್ನು ಬಿಡಿಸಿ, ಗಂಟು ಬಿಚ್ಚಿ, ಅಣ್ಣನ ಲಿಂಗವನ್ನು ಇಟ್ಟು, ಬೆರಳು ಮಡಚಿ, ದಾರದಿಂದ ಕಟ್ಟಿದೆ. ಎರಡೆಳೆ. ಅಪ್ಪ ಶಿವಪ್ಪನಿಗೆ ಕಟ್ಟಿದ ಹಾಗೆ.

ಮನೆಗೆ ಬಂದು ಪೆಟ್ಟಿಗೆ ತೆರೆದೆ. ಕರಡಿಗೆ ಕಪ್ಪಾಗಿ ಬಿದ್ದಿದೆ, ಒಳಗೆ ಏನೂ ಇಲ್ಲ. ಕೆಳಗೆ ಎರಡು ರಸೀದಿ. ಸಹಿಯ ಜಾಗ ಎರಡರಲ್ಲೂ ಖಾಲಿ. ಈಗಲಾದರೂ ಮುಟ್ಟಿತಲ್ಲ, ಸಹಿ ಮಾಡು ಅಂತ ನನ್ನ ಮಗ ಅಂದ. ಅವನಿಗೆ ಹೇಳಿದೆ: ಮುಟ್ಟಿದ್ದು ಅವ್ವನಿಗೆ. ಮುಟ್ಟಿಸಿದ್ದು ನಾನು. ಇದರಲ್ಲಿ ಸರಕಾರದವರು ಸಹಿ ಕೇಳುವಂಥದ್ದು ಏನೂ ಇಲ್ಲ.